ಒಂದು ಲೋಡ್ ಸೌದೆ ಅಂದ್ರೆ ಎಷ್ಟು ಸ್ವಾಮಿ?

ಹೋದ ಸಂಚಿಕೇಲಿ ಸೌದೆ ಒಲೆ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಬಂದ ಪತ್ರಗಳಲ್ಲಿ ಒಲೆ ಬಗ್ಗೆ ಕೇಳಿದೋರು ಕಮ್ಮಿ, ಸೌದೆ ತಂದು ಹಾಕಿದೋರನ್ನ ಬೈದೋರೇ ಜಾಸ್ತಿ. ಸರಿ, ಈ ಸಲ ಪೂರ್ತಿ ಸೌದೆ ಲೆಕ್ಕಾನೇ ಆಗ್ಲಿ.

ಪ್ರಶ್ನೆ: ಒಂದು ಲೋಡ್ ಅಂತ ಮಾತಾಡಿ ದುಡ್ಡು ಕೊಟ್ಟೆ. ಗಾಡೀಲಿದ್ದಾಗ ಗುಡ್ಡದ ಥರ ಕಾಣ್ತಿತ್ತು, ಮನೇಲಿ ಗೋಡೆಗೆ ಒಟ್ಟಿ ನೋಡಿದ್ರೆ ಸೊಂಟದ ಮಟ್ಟಕ್ಕೂ ಬರ್ಲಿಲ್ಲ. ಕೇಳಿದ್ರೆ "ಜೋಡಿಸಿದ್ರೆ ಇಳಿಯತ್ತೆ ಸಾರ್" ಅಂತಾನೆ. ನಿಜಾನಾ, ಟೋಪಿನಾ?

ಉತ್ತರ: ಅರ್ಧ ನಿಜ, ಅದಕ್ಕೇ ಇದು ಒಳ್ಳೆ ಟೋಪಿ. ಹೇಗೆ ಬಿತ್ತೋ ಹಾಗೆ ಎಸೆದ ಸೌದೇಲಿ ಗಾಳೀನೇ ತುಂಬಿರತ್ತೆ, ಸಾಲಾಗಿ ಒಟ್ಟಿದಾಗ ಸುಮಾರು ಮೂರರಲ್ಲಿ ಒಂದು ಪಾಲು ಇಳಿಯೋದು ಸಹಜ. ಆದ್ರೆ ಇದು ಮಾರೋನಿಗೆ ನಿಮಗಿಂತ ಮೊದಲೇ ಗೊತ್ತು. ದುಡ್ಡು ಕೊಡೋ ಮುಂಚೆ ಹೇಳದೆ, ಕೊಟ್ಟ ಮೇಲೆ ಹೇಳಿದ್ನಲ್ಲ, ತಕರಾರು ಇರೋದು ಅಲ್ಲಿ.

ಮೊದಲ್ನೇದಾಗಿ ಲೋಡ್ ಅನ್ನೋದು ಅಳತೆನೇ ಅಲ್ಲ. ಗಾಡಿ ಎಷ್ಟು ದೊಡ್ಡದು, ಪಕ್ಕದ ಹಲಗೆ ಎಷ್ಟು ಎತ್ತರ, ತುಂಬಿದೋನ ಮನಸ್ಸು ಎಷ್ಟು ದೊಡ್ಡದು, ಎಲ್ಲದ್ರ ಮೇಲೂ ಅದು ಬದಲಾಗತ್ತೆ. ಸೌದೆಗೆ ನಿಜವಾದ ಅಳತೆ ಅಂತ ಇರೋದು ಒಟ್ಟಿದ ರಾಶಿಯ ಘನ ಅಳತೆ. ಅಮೆರಿಕ, ಕೆನಡಾಗಳಲ್ಲಿ ಇದಕ್ಕೆ ಕಾರ್ಡ್ ಅಂತಾರೆ, 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದ, ಅಂದ್ರೆ 128 ಘನ ಅಡಿ. ಫ್ರಾನ್ಸಲ್ಲಿ 1795ರಲ್ಲಿ ಮೆಟ್ರಿಕ್ ಅಳತೆಗಳನ್ನ ಕಾನೂನು ಮಾಡಿದಾಗ ಮೀಟರ್, ಲೀಟರ್, ಗ್ರಾಂ ಜೊತೆಗೆ ಸೌದೆಗೇ ಅಂತ ಸ್ಟೇರ್ ಅನ್ನೋ ಅಳತೆ ಬೇರೆ ಇಟ್ರು, ಒಂದು ಮೀಟರ್ ಉದ್ದ ಅಗಲ ಎತ್ತರದ ಒಟ್ಟಿಲು. ಸೌದೆ ಲೆಕ್ಕದಲ್ಲಿ ಅಷ್ಟು ಜಗಳ ಇತ್ತೋ ಏನೋ! ಒಂದು ಕಾರ್ಡ್ ಅಂದ್ರೆ ಸುಮಾರು 3.6 ಸ್ಟೇರ್.

ಇನ್ನೊಂದು ಗೋಜಲು ಇದೆ, ಫೇಸ್ ಕಾರ್ಡ್. 8 ಅಡಿ ಉದ್ದ 4 ಅಡಿ ಎತ್ತರ ಎಲ್ಲಾ ಸರಿ, ಆದ್ರೆ ಒಂದೇ ಸಾಲು, ತುಂಡಿನ ಉದ್ದ ಎಷ್ಟೋ ಅಷ್ಟೇ ಅಗಲ. ತುಂಡು 16 ಇಂಚಿದ್ರೆ ಅದು ಕಾರ್ಡಿನ ಮೂರರಲ್ಲಿ ಒಂದು ಪಾಲು ಅಷ್ಟೇ. ಎದುರಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣತ್ತೆ, ಹಿಂದೆ ಹೋಗಿ ನೋಡ್ಬೇಕು. ಅಮೆರಿಕದ ಅಳತೆ ಇಲಾಖೆಯ ಮಾದರಿ ನಿಯಮದಲ್ಲಿ ಫೇಸ್ ಕಾರ್ಡ್, ರಾಶಿ, ಟ್ರಕ್ ಲೋಡ್ ಅಂತೆಲ್ಲ ಹೇಳಿ ಸೌದೆ ಮಾರೋ ಹಾಗೇ ಇಲ್ಲ.

ನೀವು ಯಾವ ಊರಲ್ಲೇ ಇರಿ, ಟೇಪ್ ಒಂದು ಸಾಕು. ಉದ್ದ, ಎತ್ತರ, ತುಂಡಿನ ಉದ್ದ, ಮೂರನ್ನೂ ಅಡೀಲಿ ಗುಣಿಸಿ. 6 ಅಡಿ ಉದ್ದ, 4 ಅಡಿ ಎತ್ತರ, 16 ಇಂಚಿನ ತುಂಡು ಅಂದ್ರೆ 32 ಘನ ಅಡಿ, ಸರಿಯಾಗಿ ಕಾಲು ಕಾರ್ಡ್. ಒಟ್ಟೋದ್ರಲ್ಲೂ ಕೈಚಳಕ ಇರತ್ತೆ ಅನ್ನೋದು ನೆನಪಿರ್ಲಿ, ಒಂದು ಸಾಲು ಉದ್ದಕ್ಕೆ ಒಂದು ಸಾಲು ಅಡ್ಡಕ್ಕೆ ಇಟ್ರೆ, ಸೊಟ್ಟ ಕೊಂಬೆಗಳನ್ನ ಮಧ್ಯೆ ಸೇರಿಸಿದ್ರೆ ರಾಶಿ ತಾನಾಗೇ ಉಬ್ಬತ್ತೆ. ಒತ್ತಾಗಿ ಒಟ್ಟಿದ 128 ಘನ ಅಡೀಲೂ ನಿಜವಾದ ಮರ ಇರೋದು 80-90 ಘನ ಅಡಿ ಆಸುಪಾಸು, ಉಳಿದಿದ್ದು ಸಂದು.

ಪ್ರಶ್ನೆ: ಈ ರಗಳೆ ಎಲ್ಲಾ ಯಾಕೆ, ತೂಕಕ್ಕೆ ತಗೊಂಡ್ರೆ ಮುಗೀತಲ್ವಾ? ತಕ್ಕಡಿ ಸುಳ್ಳು ಹೇಳಲ್ಲ.

ಉತ್ತರ: ತಕ್ಕಡಿ ಸುಳ್ಳು ಹೇಳಲ್ಲ ನಿಜ, ಆದ್ರೆ ನೀರನ್ನೂ ತೂಗತ್ತೆ. ಈಗಷ್ಟೇ ಕಡಿದ ಮರದಲ್ಲಿ ಎಷ್ಟೋ ಸಲ ತೂಕದ ಅರ್ಧ ನೀರೇ. ಅಂಥ 100 ಕಿಲೋ ತಗೊಂಡ್ರೆ ಮರ 50, ನೀರು 50. ಅದೇ ಸೌದೆ ನೀರು ಶೇಕಡ 20ಕ್ಕೆ ಇಳಿಯೋವರೆಗೆ ಒಣಗಿದ ಮೇಲೆ ತೂಗಿದ್ರೆ 62 ಕಿಲೋ ಚಿಲ್ಲರೆ. ಅಂದ್ರೆ ಮೂವತ್ತೇಳು ಕಿಲೋ ನೀರಿಗೆ ಸೌದೆ ರೇಟ್ ಕೊಟ್ಟು, ಅದನ್ನ ಹೊತ್ತು ತಂದು, ಆರು ತಿಂಗಳು ಒಣಗಿಸಿ ಗಾಳಿಗೆ ಬಿಟ್ಟ ಹಾಗಾಯ್ತು. ಒಣಗಿಸದೆ ಹಾಗೇ ಒಲೆಗಿಟ್ರೆ ಇನ್ನೂ ಕಷ್ಟ, ಒಂದು ಲೀಟರ್ ನೀರು ಆವಿಯಾಗೋಕೆ ಸುಮಾರು 2.3 ಮೆಗಾಜೌಲ್ ಶಾಖ ಬೇಕು, ಅದು ನಿಮ್ಮ ಬೆಂಕಿಯಿಂದಲೇ ಹೋಗ್ಬೇಕು. ಒಣ ಸೌದೆ ಕಿಲೋಗೆ 14 ಮೆಗಾಜೌಲ್ ಹತ್ತಿರ ಕೊಟ್ರೆ ಅರ್ಧ ನೀರಿರೋ ಹಸಿ ಸೌದೆ 8ರ ಹತ್ರ ನಿಂತುಬಿಡತ್ತೆ, ಜೊತೆಗೆ ಹೊಗೆ, ಚಿಮಣಿ ತುಂಬಾ ಅಂಟು ಮಸಿ.

ಹಾಗಂತ ತೂಕ ಕೆಟ್ಟದ್ದು ಅಂತ ನಾನು ಹೇಳಲ್ಲ. ಚೆನ್ನಾಗಿ ಒಣಗಿದ್ರೆ ಯಾವ ಮರ ಆದ್ರೂ ಕಿಲೋಗೆ ಹೆಚ್ಚುಕಮ್ಮಿ ಒಂದೇ ಶಾಖ, ಆಗ ತೂಕದಷ್ಟು ನ್ಯಾಯವಾದ ಅಳತೆ ಇನ್ನೊಂದಿಲ್ಲ. ಒಟ್ಟಿದ ಅಳತೇಲಿ ಇರೋ ಮೋಸ ಬೇರೆ, ಹಗುರ ಮರ ಗಟ್ಟಿ ಮರ ಎರಡೂ ಅಷ್ಟೇ ಜಾಗ ಹಿಡಿಯತ್ತೆ, ಉರಿಯೋ ಸರಕು ಮಾತ್ರ ಒಂದರಲ್ಲಿ ಕಮ್ಮಿ. ಅದಕ್ಕೆ ಅಳತೆಗೆ ತಗೊಂಡ್ರೆ ಯಾವ ಮರ ಅಂತ ಕೇಳಿ, ತೂಕಕ್ಕೆ ತಗೊಂಡ್ರೆ ಎಷ್ಟು ಒಣಗಿದೆ ಅಂತ ಕೇಳಿ.

ಪ್ರಶ್ನೆ: "ಕಡಿದು ಒಂದು ವರ್ಷ ಆಯ್ತು" ಅಂತಾರೆ. ನಂಬೋದು ಹೇಗೆ?

ಉತ್ತರ: ಕಡಿದು ಅಲ್ಲ, ಸೀಳಿ ಎಷ್ಟು ದಿನ ಆಯ್ತು ಅಂತ ಕೇಳಿ. ತೊಗಟೆ ಸಮೇತ ಇಡೀ ದಿಮ್ಮಿ ಎರಡು ವರ್ಷ ಬಿದ್ದಿದ್ರೂ ಒಳಗೆ ತೇವ ಇರಬಹುದು, ಹೋದ ವಾರ ಸೀಳಿ ತಂದ್ರೆ "ಎರಡು ವರ್ಷದ್ದು" ಅನ್ನೋ ಮಾತೂ ಸುಳ್ಳಲ್ಲ! ಕೈಗೆ ಎರಡು ತುಂಡು ತಗೊಂಡು ಒಂದಕ್ಕೊಂದು ಬಡೀರಿ, ಒಣಗಿದ್ರೆ ಠಣ್ ಅನ್ನತ್ತೆ, ಹಸಿ ಇದ್ರೆ ದಪ್ ಅಂತ ಸತ್ತ ಶಬ್ದ. ತುದೀಲಿ ಬಿರುಕು, ಬಣ್ಣ ಮಾಸಿರೋದು, ತೊಗಟೆ ತಾನೇ ಕಳಚೋದು, ಎಲ್ಲಾ ಒಳ್ಳೆ ಲಕ್ಷಣವೇ, ಆದ್ರೆ ಬಿರುಕು ನಾಲ್ಕು ದಿನದ ಬಿಸಿಲಿಗೂ ಬಿಡತ್ತೆ, ಅದೊಂದನ್ನೇ ನಂಬ್ಬೇಡಿ. ತೇವ ಅಳೆಯೋ ಸಣ್ಣ ಮೀಟರ್ ಇದ್ರೆ ತುಂಡಿನ ಹೊರಗಡೆ ಚುಚ್ಬೇಡಿ, ಹೊರಗಡೆ ಯಾವಾಗ್ಲೂ ಒಣಗೇ ಇರತ್ತೆ. ಒಂದು ದಪ್ಪ ತುಂಡು ಆರಿಸಿ, ಅಲ್ಲೇ ಸೀಳಿಸಿ, ಹೊಸದಾಗಿ ತೆರೆದ ಮೈಗೆ ಮಧ್ಯದಲ್ಲಿ ಚುಚ್ಚಿ. ಇನ್ನೊಂದು ವಿಷ್ಯ, ಮೀಟರ್ ಸಾಮಾನ್ಯವಾಗಿ ತೋರಿಸೋದು ಒಣ ಮರದ ತೂಕಕ್ಕೆ ಹೋಲಿಸಿದ ನೀರು. ಅದರಲ್ಲಿ 25 ಬಂದ್ರೆ ಒಟ್ಟು ತೂಕದ ಲೆಕ್ಕದಲ್ಲಿ 20. ಮಾರೋನು ಒಂದು ಲೆಕ್ಕ ನೀವು ಒಂದು ಲೆಕ್ಕ ಹಿಡಿದು ಸುಮ್ನೆ ಕಿತ್ತಾಡ್ಬೇಡಿ.

ಪ್ರಶ್ನೆ: ಒಂದು ಮೀಟರ್ ಉದ್ದದ ಸೌದೆ ತಂದು ನಮ್ಮ ಒಲೆಗೆ ಸರಿಯಾಗಿ ತುಂಡು ಮಾಡಿಸಿದೆ. ಮತ್ತೆ ಒಟ್ಟಿದ್ರೆ ರಾಶಿ ಕಮ್ಮಿ ಆಗಿದೆ. ಕೊಯ್ದೋನು ಹೊತ್ಕೊಂಡ್ ಹೋದ್ನಾ?

ಉತ್ತರ: ಪಾಪ, ಅವನನ್ನ ಬೈಬೇಡಿ. ತುಂಡು ಚಿಕ್ಕದಾದಷ್ಟೂ ಒತ್ತಾಗಿ ಕೂರತ್ತೆ. ಒಂದು ಸ್ಟೇರ್ ಸೌದೇನ ಅರ್ಧರ್ಧ ಮೀಟರಿಗೆ ಕೊಯ್ದ್ರೆ ಒಟ್ಟಿಲು ಸುಮಾರು 0.8ಕ್ಕೆ, ಮೂರು ತುಂಡು ಮಾಡಿದ್ರೆ 0.7ಕ್ಕೆ ಇಳಿಯತ್ತೆ, ಮರ ಅಷ್ಟೇ ಇರತ್ತೆ.

ಪ್ರಶ್ನೆ: ನಿಯತ್ತಿನ ಮಾರಾಟಗಾರನ್ನ ಗುರುತಿಸೋದು ಹೇಗೆ ಮೇಡಂ?

ಉತ್ತರ: ಮುಖ ನೋಡಿ ಅಂತೂ ಅಲ್ಲ. ನಾನೇ ಒಂದು ಸಲ ಕತ್ತಲಾಗ್ತಿದೆ, ಮಳೆ ಬರೋ ಹಾಗಿದೆ, ಪಾಪ ಅವರೂ ಮನೆಗೆ ಹೋಗ್ಬೇಕು ಅಂತ ಪೂರ್ತಿ ದುಡ್ಡು ಕೈಗಿಟ್ಟು ಕಳಿಸಿದೆ. ಬೆಳಿಗ್ಗೆ ನೋಡಿದ್ರೆ ಮೇಲೆ ಒಣ ಸೀಳು, ಕೆಳಗೆ ಹಸಿ ಕೊಂಬೆ ಮತ್ತು ಗೆದ್ದಲು ತಿಂದ ಬೊಡ್ಡೆ. ಫೋನ್ ಮಾಡಿದ್ರೆ "ನೀವೇ ನೋಡಿ ತಗೊಂಡ್ರಲ್ಲಾ" ಅಂದ್ರು, ಅದೂ ಸುಳ್ಳಲ್ಲ.

ಅದಕ್ಕೆ ಈಗ ಹಗಲಲ್ಲೇ ತರಿಸ್ತೀನಿ, ಮೊದಲ ಸಲ ಸ್ವಲ್ಪವೇ ತಗೊಳ್ತೀನಿ. ಫೋನಲ್ಲೇ ಮೂರು ಮಾತು ಕೇಳ್ತೀನಿ: ಒಟ್ಟಿದ ಅಳತೇನಾ ಎಸೆದ ಅಳತೇನಾ, ತುಂಡು ಎಷ್ಟುದ್ದ, ಸೀಳಿ ಎಷ್ಟು ತಿಂಗಳಾಯ್ತು. ನಿಯತ್ತಿರೋನು ಥಟ್ ಅಂತ ಹೇಳ್ತಾನೆ, ಕೆಲವ್ರು ಕೇಳೋ ಮುಂಚೆನೇ "ಇದು ಇನ್ನೂ ಹಸಿ ಇದೆ ಮೇಡಂ, ಮುಂದಿನ ವರ್ಷಕ್ಕಾದ್ರೆ ತಗೊಳ್ಳಿ, ರೇಟ್ ಕಮ್ಮಿ" ಅಂತಾರೆ. ಅಂಥೋರ ನಂಬರ್ ಸೇವ್ ಮಾಡ್ಕೊಂಡಿದೀನಿ. ಒಟ್ಟಿ ಅಳೆದ ಮೇಲೆ ದುಡ್ಡು ಅಂದಾಗ ಮುಖ ಸಿಂಡರಿಸಿದ್ರೆ ನಾನು ಮುಂದೆ ಮಾತಾಡಲ್ಲ. ಒಟ್ಟೋ ಕೂಲಿ ಬೇರೆ ಕೇಳಿದ್ರೆ ಕೊಡಿ, ಅದು ನ್ಯಾಯ. ಚೀಟೀಲಿ ಅಳತೆ, ಮರದ ಹೆಸರು, ತಾರೀಖು ಬರೆಸ್ಕೊಳ್ಳಿ.

ಪ್ರಶ್ನೆ: ಲೋಡಲ್ಲಿ ಹಳೇ ಬಾಗಿಲು, ಹಲಗೆ ಚೂರು ಬಂದಿದೆ. ಉರಿಸಬಹುದಾ?

ಉತ್ತರ: ಪೇಂಟ್, ಪಾಲಿಶ್ ಇದ್ರೆ ಬೇಡ. ಹಸಿರು ಛಾಯೆ ಇರೋ, ಹುಳ ಹಿಡೀದ ಹಾಗೆ ಔಷಧಿ ಹೊಡೆದ ಹಳೇ ಹಲಗೆ ಅಂತೂ ಬೇಡವೇ ಬೇಡ, ಅದರಲ್ಲಿ ತಾಮ್ರ, ಕ್ರೋಮಿಯಂ ಜೊತೆ ಆರ್ಸೆನಿಕ್ ಇರಬಹುದು, ಬೂದೀಲೂ ಉಳಿಯತ್ತೆ, ಆ ಬೂದಿ ಗಿಡಕ್ಕೂ ಹಾಕೋ ಹಾಗಿಲ್ಲ. ತೆಗೆದು ಪಕ್ಕಕ್ಕಿಡಿ, ಗಾಡಿಯೋನು ಮುಂದಿನ ಸಲ ಬಂದಾಗ ವಾಪಸ್ ಹಾಕಿಸಿ, ಅಷ್ಟು ಅಳತೆ ಕಮ್ಮಿ ಮಾಡಿಸಿ.