ಬೆಳಕಿನಿಂದ ಒಂದು ಅಕ್ಕಿಕಾಳು

ಪ್ರಶ್ನೆ: ದ್ರವ್ಯ ಶಕ್ತಿಯಾಗುತ್ತದೆ ಎಂದು ಓದಿದ್ದೇನೆ. ಹಾಗಾದರೆ ಶಕ್ತಿಯೂ ದ್ರವ್ಯ ಆಗಬೇಕಲ್ವಾ? ಬರೀ ಬೆಳಕಿನಿಂದ ಒಂದು ಅಕ್ಕಿಕಾಳು ಮಾಡೋಕಾಗುತ್ತಾ?
– ಹತ್ತನೇ ತರಗತಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಶಕ್ತಿ ದ್ರವ್ಯವಾಗುತ್ತದೆ. ಅದರ ಗುರುತನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಎಂ.ಎಸ್ಸಿ. ಓದುವಾಗ ನಮ್ಮ ಮೇಷ್ಟ್ರು ಬಬಲ್ ಚೇಂಬರ್‌ನ (ವಿದ್ಯುದಾವೇಶ ಇರುವ ಕಣ ಹಾದುಹೋದ ದಾರಿಯನ್ನು ಗುಳ್ಳೆಗಳ ಗೆರೆಯಾಗಿ ತೋರಿಸುವ ಉಪಕರಣ) ಕಪ್ಪು-ಬಿಳುಪು ಫೋಟೊ ಒಂದನ್ನು ಕೈಗಿಟ್ಟು, ‘ಸುಮ್ನೆ ನೋಡ್ತಾ ಕೂತ್ಕೋ’ ಎಂದರು. ಒಂದು ಚುಕ್ಕಿಯಿಂದ ಎರಡು ಗೆರೆ ಹೊರಟಿದ್ದವು. ಒಂದು ಎಡಕ್ಕೆ ಸುರುಳಿ ಸುತ್ತಿತ್ತು, ಇನ್ನೊಂದು ಬಲಕ್ಕೆ. ಆದರೆ ಆ ಚುಕ್ಕಿಗೆ ಬಂದು ಸೇರುವ ಗೆರೆಯೇ ಇರಲಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ.

ಬಂದದ್ದು ಗಾಮಾ ಕಿರಣ. ಅದೂ ಒಂದು ಬಗೆಯ ಬೆಳಕೇ. ಅದಕ್ಕೆ ವಿದ್ಯುದಾವೇಶ ಇಲ್ಲ, ಹಾಗಾಗಿ ಗೆರೆ ಬೀಳುವುದಿಲ್ಲ. ಪರಮಾಣುವಿನ ನ್ಯೂಕ್ಲಿಯಸ್ ಪಕ್ಕ ಹಾಯುವಾಗ ಅದು ಇಲ್ಲವಾಯಿತು. ಅಲ್ಲೇ ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್ (ಎಲೆಕ್ಟ್ರಾನಿನಷ್ಟೇ ತೂಕದ, ಆದರೆ ವಿರುದ್ಧ ಆವೇಶದ ಕಣ) ಹುಟ್ಟಿದವು. ಕಾಂತಕ್ಷೇತ್ರ ಅವನ್ನು ಒಂದೊಂದು ಕಡೆಗೆ ಬಗ್ಗಿಸಿತ್ತು. ಪಾಸಿಟ್ರಾನನ್ನು ಕಾರ್ಲ್ ಆಂಡರ್ಸನ್ 1932ರಲ್ಲಿ ಕಂಡುಹಿಡಿದರು. ಅದು ಹೀಗೆ ಜೋಡಿಯಾಗಿ ಹುಟ್ಟುತ್ತದೆ ಎಂದು ಮರುವರ್ಷ ತೋರಿಸಿದವರು ಬ್ಲ್ಯಾಕೆಟ್ ಮತ್ತು ಒಕಿಯಾಲಿನಿ.

ಮನೆಯ ದೀಪದ ಬೆಳಕು ಯಾಕೆ ಹೀಗೆ ಆಗಲ್ಲ? ಜೋಡಿ ಹುಟ್ಟಲು ಕನಿಷ್ಠ 10.22 ಲಕ್ಷ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಪುಟ್ಟ ಮಾನ) ಬೇಕು. ಕಣ್ಣಿಗೆ ಕಾಣುವ ಬೆಳಕಿನ ಒಂದು ಫೋಟಾನ್‌ನಲ್ಲಿ, ಅಂದರೆ ಬೆಳಕಿನ ಒಂದು ಕಣದಲ್ಲಿ, ಇರುವುದು ಎರಡೋ ಮೂರೋ, ಅಷ್ಟೇ. ಆದರೂ ಅಮೆರಿಕದ ಸ್ಟ್ಯಾನ್‌ಫರ್ಡ್ ವೇಗವರ್ಧಕದಲ್ಲಿ ಲೇಸರ್ ಬೆಳಕಿಗೆ ಗಾಮಾ ಕಿರಣ ಡಿಕ್ಕಿ ಹೊಡೆಸಿ, ಬೆಳಕಿನಿಂದಲೇ ಪಾಸಿಟ್ರಾನ್ ಪಡೆದರು. 1997ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಇದ್ದವು ಸುಮಾರು ನೂರು. ತಿಂಗಳುಗಟ್ಟಲೆ ದುಡಿದವರಿಗೆ ಆ ನೂರು ಎಷ್ಟು ದೊಡ್ಡದಾಗಿ ಕಂಡಿರಬೇಕು!

ಇನ್ನು ನಿನ್ನ ಅಕ್ಕಿಕಾಳು. ಅದರ ತೂಕ 20 ಮಿಲಿಗ್ರಾಂ ಎಂದಿಟ್ಟುಕೋ. ಐನ್‌ಸ್ಟೈನ್ ಸೂತ್ರದ ಪ್ರಕಾರ 5 ಲಕ್ಷ ಯೂನಿಟ್ ಕರೆಂಟ್ ಬೇಕು. ತಿಂಗಳಿಗೆ ನೂರು ಯೂನಿಟ್ ಸುಡುವ ಮನೆಗೆ ಅಷ್ಟು ಕರೆಂಟ್ ನಾನೂರು ವರ್ಷಕ್ಕೂ ಜಾಸ್ತಿ ಬರುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ. ಕಣಗಳು ಹುಟ್ಟುವುದು ಜೋಡಿಯಾಗಿ. ಹಾಗಾಗಿ ಕಾಳಿನ ಜೊತೆಗೆ ಅಷ್ಟೇ ತೂಕದ ಪ್ರತಿದ್ರವ್ಯವೂ (ಪಾಸಿಟ್ರಾನಿನಂಥ ವಿರುದ್ಧ ಕಣಗಳಿಂದಾದ ದ್ರವ್ಯ) ಬರುತ್ತದೆ, ಖರ್ಚು ಎರಡರಷ್ಟು. ಎರಡೂ ಒಂದಕ್ಕೊಂದು ತಾಗಿದರೆ ಮತ್ತೆ ಶಕ್ತಿಯೇ. ಅಷ್ಟೆಲ್ಲ ಕಣಗಳನ್ನು ಹಿಡಿದು, ಪರಮಾಣು ಕಟ್ಟಿ, ಅಕ್ಕಿಯ ಪಿಷ್ಟ ಮಾಡುವ ದಾರಿ ನಮಗಿನ್ನೂ ಇಲ್ಲ.

ಅಂಥ ಫೋಟೊಗಳು ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಒಂದನ್ನು ದೊಡ್ಡದು ಮಾಡಿ ನೋಡು. ಸುರುಳಿ ಆಮೇಲೆ ನೋಡಿದರಾಯಿತು. ಮೊದಲು ಅವು ಹೊರಟ ಚುಕ್ಕಿಯ ಹಿಂದಿನ ಖಾಲಿ ಜಾಗ ನೋಡು.