ಉತ್ತರ: ಕ್ಲಿಪ್‌ಗಳೆಲ್ಲ ಆಫ್‌ಲೈನ್, ಕೈಯಲ್ಲಿ ಮಿನಿಡಿವಿ ಟೇಪ್ ಮಾತ್ರ ಇದೆ
ಪ್ರಾಜೆಕ್ಟ್ ಫೈಲ್ ಉಳಿದಿದೆ, ವಿಡಿಯೋ ಫೈಲ್‌ಗಳು ಅಳಿಸಿಹೋಗಿ ಕ್ಲಿಪ್‌ಗಳು ಆಫ್‌ಲೈನ್ (ಅಂದರೆ ಫೈಲ್ ಸಿಗದ ಸ್ಥಿತಿ) ಆಗಿವೆ, ಮಿನಿಡಿವಿ ಟೇಪ್‌ಗಳು (ಕ್ಯಾಮೆರಾದ ಚಿಕ್ಕ ವಿಡಿಯೋ ಕ್ಯಾಸೆಟ್) ಭದ್ರವಾಗಿವೆ ಅಂದಿರಿ. ಹಾಗಾದರೆ ಎಡಿಟಿಂಗ್ ಮತ್ತೆ ಮೊದಲಿಂದ ಮಾಡಬೇಕಿಲ್ಲ. ಯಾವ ಕ್ಲಿಪ್ ಯಾವ ಟೇಪಿನ ಯಾವ ಟೈಮ್‌ಕೋಡ್‌ನದ್ದು (ಟೇಪಿನ ಒಂದೊಂದು ಫ್ರೇಮಿಗೂ ಇರುವ ಗಂಟೆ:ನಿಮಿಷ:ಸೆಕೆಂಡ್:ಫ್ರೇಮ್ ನಂಬರ್) ಅನ್ನೋದು ಸಾಮಾನ್ಯವಾಗಿ ಪ್ರಾಜೆಕ್ಟ್‌ನಲ್ಲೇ ಇರುತ್ತದೆ. ಕ್ಯಾಮೆರಾವನ್ನು ಫೈರ್‌ವೈರ್ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಜೋಡಿಸಿ, ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಆಫ್‌ಲೈನ್ ಕ್ಲಿಪ್‌ಗಳನ್ನು ಆರಿಸಿ ಬ್ಯಾಚ್ ಕ್ಯಾಪ್ಚರ್ (ಟೇಪಿಂದ ಕ್ಲಿಪ್‌ಗಳನ್ನು ಒಟ್ಟಿಗೆ ಮತ್ತೆ ಕಂಪ್ಯೂಟರ್‌ಗೆ ಇಳಿಸೋದು) ಕೊಡಿ. ಕೇಳಿದ ಟೇಪ್ ಹಾಕಿದರೆ ಸಾಕು, ಬೇಕಾದ ತುಣುಕಿಗೆ ಅದೇ ಸುತ್ತಿಕೊಂಡು ಹೋಗುತ್ತದೆ.

ಕಿರಿಕಿರಿ ಇರೋದು ಟೈಮ್‌ಕೋಡ್ ತುಂಡಾದ ಟೇಪ್‌ಗಳಲ್ಲಿ. ಶೂಟಿಂಗ್ ನಡುವೆ ಖಾಲಿ ಜಾಗ ಬಿಟ್ಟಿದ್ದರೆ ಕೌಂಟರ್ ಮತ್ತೆ 00:00:00:00ರಿಂದ ಶುರುವಾಗುತ್ತದೆ. ಒಂದೇ ಟೇಪಲ್ಲಿ ಒಂದೇ ನಂಬರ್ ಎರಡು ಕಡೆ! ಮದುವೆಯ ಧಾರೆ ಇರಬೇಕಾದ ಜಾಗದಲ್ಲಿ ಊಟದ ಸಾಲು ಬಂದು ಕೂತಿರುತ್ತದೆ, ಸಾಫ್ಟ್‌ವೇರ್ ಮಾತ್ರ ಎಲ್ಲ ಸರಿ ಅನ್ನುತ್ತದೆ. ಅಂಥ ಟೇಪನ್ನು ಬ್ಯಾಚ್‌ಗೆ ಬಿಡಬೇಡಿ. ತುಂಡಾದ ಜಾಗದಿಂದ ಮುಂದಿನದನ್ನು ಕೈಯಾರೆ ಬೇರೆ ಫೈಲಾಗಿ ಕ್ಯಾಪ್ಚರ್ ಮಾಡಿ, ಆಮೇಲೆ ಪ್ರಾಜೆಕ್ಟ್‌ನ ಆ ಕ್ಲಿಪ್‌ಗಳನ್ನು ಈ ಹೊಸ ಫೈಲಿಗೆ ರೀಲಿಂಕ್ ಮಾಡಿ (ಅಂದರೆ ಮತ್ತೆ ಜೋಡಿಸಿ).

ಹೀಗೆ ಟೇಪಿಂದ ಬರುವ ಡಿವಿ ಫೈಲ್ ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. ಜಾಗ ಉಳಿಸೋಕೆ ಅಂತ ಸುಮ್ನೆ ಎಂಪಿ4 ಮಾಡಬೇಡಿ, ಡೀಇಂಟರ್‌ಲೇಸನ್ನೂ (ಒಂದು ಬಿಟ್ಟು ಒಂದು ಗೆರೆಯಾಗಿ ದಾಖಲಾದ ಚಿತ್ರವನ್ನು ಪೂರ್ಣ ಫ್ರೇಮ್ ಮಾಡೋದು) ಕೊನೆಯ ಎಕ್ಸ್‌ಪೋರ್ಟ್‌ಗೆ ಬಿಡಿ. ಮೊದಲು ಒಂದೇ ಟೇಪ್ ಹಾಕಿ ನೋಡಿ.