ಲೈಕ್ ಒತ್ತಿದರೆ ಮರ ಉಳಿಯುತ್ತದೆಯೇ?

(ಶಿರಸಿ ಕಡೆಯ ಓದುಗರೊಬ್ಬರ ಪತ್ರದ ಸಾರ: “ಮರ ಉಳಿಸುವ ಅಪ್ಪಿಕೋ ಚಳವಳಿ ನಡೆದಾಗ ಫೇಸ್‌ಬುಕ್ ಇರಲಿಲ್ಲ, ಜನ ಕಾಡಿಗೆ ಹೋಗಿ ಮರ ತಬ್ಬಿ ನಿಂತರು. ಈಗಿನವರು ಸ್ಟೇಟಸ್ ಹಾಕಿ ಕೈತೊಳೆದುಕೊಳ್ಳುತ್ತಾರೆ. ಇಂಥ ಮೊಬೈಲ್ ಪರಿಸರವಾದಿಗಳಿಗೆ ನೀವೇಕೆ ಪುಟ ಕೊಡುತ್ತೀರಿ?”)

ಮಾನ್ಯರೇ,

ನಿಮ್ಮ ಸಿಟ್ಟು ಅರ್ಧ ಸರಿ. ಜೂನ್ 5ರ ಪರಿಸರ ದಿನಕ್ಕೆ ಹಸಿರು ಸ್ಟೇಟಸ್ ಹಾಕಿ 6ಕ್ಕೆ ಮರೆಯುವವರ ವಕಾಲತ್ತು ನಮಗೂ ಬೇಡ. ಆದರೆ 1983ರಲ್ಲಿ ನಿಮ್ಮ ಕಡೆಯ ಸಾಲ್ಕಣಿ ಊರಿನವರು ಮರ ತಬ್ಬಿದ ಸುದ್ದಿ ಘಟ್ಟದ ಬೇರೆ ಊರುಗಳನ್ನು ತಾನಾಗಿ ಮುಟ್ಟಲಿಲ್ಲ. ಪಾದಯಾತ್ರೆ, ಜನಪದ ಕಲೆ, ಸ್ಲೈಡ್ ಪ್ರದರ್ಶನಗಳು ಅದನ್ನು ಹೊತ್ತೊಯ್ದವು. ಆ ಕಾಲದ ವಾಟ್ಸ್ಆ್ಯಪ್ ಅದೇ.

2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತ್ತು. ವೆಚ್ಚ 1,791 ಕೋಟಿ ರೂಪಾಯಿ, ಬಲಿಯಾಗಬೇಕಿದ್ದ ಮರಗಳು ಸರ್ಕಾರದ ಲೆಕ್ಕದಲ್ಲೇ 812. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಹ್ಯಾಶ್‌ಟ್ಯಾಗ್ ಟ್ವಿಟರ್‌ನಲ್ಲಿ ಓಡಾಡಿತು. ಅಲ್ಲಿಗೇ ನಿಂತಿದ್ದರೆ ನಿಮ್ಮ ಮಾತೇ ಗೆಲ್ಲುತ್ತಿತ್ತು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಅದೇ ರಸ್ತೆಯಲ್ಲಿ ಕೈಕೈ ಹಿಡಿದು ಸಾಲಾಗಿ ನಿಂತರು. ಅದೇ ತಿಂಗಳು ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಲಂಚದ ಆರೋಪದ ಗದ್ದಲವೂ ಸೇರಿತ್ತು ಅನ್ನಿ. ಆದರೂ ಎಲ್ಲಿ, ಯಾವ ದಿನ ಸೇರಬೇಕೆಂದು ಅಷ್ಟು ಜನಕ್ಕೆ ತಿಳಿಸಿದ್ದು ಮೊಬೈಲೇ.

2020ರದ್ದು ಇನ್ನೂ ದೊಡ್ಡ ಕಥೆ. ಲಾಕ್‌ಡೌನ್ ನಡುವೆ ಕೇಂದ್ರವು ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ (ಯೋಜನೆಗೆ ಒಪ್ಪಿಗೆ ಕೊಡುವ ಮೊದಲು ಪರಿಸರಕ್ಕಾಗುವ ಹಾನಿ ಅಳೆಯುವ ನಿಯಮ) ಹೊಸ ಕರಡು ಹೊರಡಿಸಿ ಆಕ್ಷೇಪಣೆ ಕರೆಯಿತು. ಸಭೆ ಸೇರುವಂತಿರಲಿಲ್ಲ. ವಿದ್ಯಾರ್ಥಿಗಳು ಇನ್‌ಸ್ಟಾಗ್ರಾಮ್‌ನಲ್ಲಿ ಕರಡನ್ನು ಬಿಡಿಸಿ ಹೇಳಿದರು, ಇಮೇಲ್ ಎಲ್ಲಿಗೆ ಕಳಿಸಬೇಕೆಂದೂ ಬರೆದರು. ಸಚಿವಾಲಯಕ್ಕೆ ಲಕ್ಷಗಟ್ಟಲೆ ಪತ್ರ ಹೋದವು. ಕರಡು ಕನ್ನಡದಲ್ಲಿಲ್ಲ, ಸ್ಥಳೀಯ ಭಾಷೆಯಲ್ಲಿ ಪ್ರಚಾರವಾಗಿಲ್ಲ ಎಂಬ ತಕರಾರು ನಮ್ಮ ಹೈಕೋರ್ಟಿಗೂ ಹೋಯಿತು, ಅಂತಿಮ ಅಧಿಸೂಚನೆಗೆ ಆಗಸ್ಟ್‌ನಲ್ಲಿ ಮಧ್ಯಂತರ ತಡೆ ಬಿತ್ತು.

ಇನ್ನು ಸುಳ್ಳಿನ ಕಾಟ. 2019ರಲ್ಲಿ ಅಮೆಜಾನ್ ಕಾಡು ಉರಿದಾಗ ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರಾನ್ ಹಂಚಿಕೊಂಡ ಚಿತ್ರವನ್ನು ತೆಗೆದ ಛಾಯಾಗ್ರಾಹಕರು 2003ರಲ್ಲೇ ತೀರಿಕೊಂಡಿದ್ದರು! ಅಧ್ಯಕ್ಷರೇ ಎಡವುವಾಗ ನಮ್ಮ ಫ್ಯಾಮಿಲಿ ಗ್ರೂಪಿನ ಮಾವಂದಿರನ್ನು ದೂರಿ ಏನು ಪ್ರಯೋಜನ? ಇಂಥ ಒಂದು ಚಿತ್ರ ಸಿಕ್ಕಿಬಿದ್ದರೆ ನಿಜವಾದ ಬೆಂಕಿಯ ಸುದ್ದಿಯನ್ನೂ ಜನ ನಂಬುವುದಿಲ್ಲ.

ಹಾಗಾದರೆ ಮೊಬೈಲಿನಲ್ಲಿ ಏನು ಹಾಕಬೇಕು? ನಮ್ಮನ್ನು ಕೇಳಿದರೆ, ಯೋಜನೆಯ ಬಗ್ಗೆ ಊರವರ ಮಾತು ಕೇಳುವ ಪರಿಸರ ಸಾರ್ವಜನಿಕ ಅಹವಾಲು ಸಭೆಯ ಪ್ರಕಟಣೆ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಂತೆ ಸಭೆಗೆ ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ, ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಅದು ಬರಬೇಕು. ಬರುತ್ತದೆ, ಟೆಂಡರ್ ಜಾಹೀರಾತುಗಳ ನಡುವೆ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ. ಅದರ ಫೋಟೊ ತೆಗೆದು, ಸಭೆಯ ದಿನ, ಜಾಗ, ಯೋಜನೆಯ ಹೆಸರನ್ನು ಎರಡು ಸಾಲಿನಲ್ಲಿ ಬರೆದು ಊರಿನ ಗ್ರೂಪಿಗೆ ಹಾಕಿ. ಯೋಜನೆಯ ಪರಿಸರ ಪರಿಣಾಮ ವರದಿಯ ಕನ್ನಡ ಸಾರಾಂಶ ಜಿಲ್ಲಾಧಿಕಾರಿ ಕಚೇರಿಯಲ್ಲಿ ನೋಡಲು ಸಿಗಬೇಕು, ಅದನ್ನೂ ಸೇರಿಸಿ. ನಿಮ್ಮ ಕಡೆಯ ಅಂಥ ಪ್ರಕಟಣೆ ಸಿಕ್ಕರೆ ಪತ್ರಿಕೆಯ ಹೆಸರು, ತಾರೀಖು ಕಾಣುವಂತೆ ನಮಗೂ ಕಳಿಸಿಕೊಡಿ. ಪುಟ ಕೊಡುತ್ತೇವೆ.

— ಸಂ.